ಪ್ರಿಟೋರಿಯಾದಲ್ಲೇ ಉಳಿದುಹೋದ ರಾಜಕುಮಾರ

1893ರಲ್ಲಿ ರಾವಲ್ಪಿಂಡಿಯ ದಂಡಿನಲ್ಲಿ ಎರಡು ಬ್ರಿಟಿಷ್ ರೆಜಿಮೆಂಟುಗಳ ನಡುವೆ ಕ್ರಿಕೆಟ್ ಪಂದ್ಯ ನಡೆಯಿತು. ಒಂದು ಕಡೆ ಕಿಂಗ್ಸ್ ರಾಯಲ್ ರೈಫಲ್ಸ್, ಇನ್ನೊಂದು ಕಡೆ ಡೆವನ್‌ಶೈರ್ ರೆಜಿಮೆಂಟ್. ರೈಫಲ್ಸ್ ಪರವಾಗಿ ಆಡಿದ ಒಬ್ಬ ಅಧಿಕಾರಿ ಅವತ್ತು 205 ರನ್ ಹೊಡೆದ. ಆ ಮೈದಾನ, ಆ ಊರು, ಅದರ ಸುತ್ತಲಿನ ಇಡೀ ದೇಶ ಅವನ ಅಜ್ಜಿಯ ಹೆಸರಿನಲ್ಲಿ ನಡೆಯುತ್ತಿತ್ತು. ಅಜ್ಜಿ ಅಂದರೆ ರಾಣಿ ವಿಕ್ಟೋರಿಯಾ.

ಅವನ ಹೆಸರು ಕ್ರಿಶ್ಚಿಯನ್ ವಿಕ್ಟರ್. ಮನೆಯಲ್ಲಿ ಕರೆಯುತ್ತಿದ್ದದ್ದು ಕ್ರಿಸ್ಲ್ ಅಂತ. ಬ್ರಿಟಿಷ್ ರಾಜಮನೆತನದ ಕಥೆ ಹೇಳುವವರು ಅವನ ಹೆಸರನ್ನು ಎತ್ತುವುದು ಅಪರೂಪ. ಆದರೆ ನೂರಿಪ್ಪತ್ತೈದು ವರ್ಷದ ಹಿಂದಿನ ಸಾಮ್ರಾಜ್ಯ ಹೇಗೆ ನಡೆಯುತ್ತಿತ್ತು, ಅದರ ಸೇನೆ ಹೇಗೆ ಬದುಕುತ್ತಿತ್ತು, ಹೇಗೆ ಸಾಯುತ್ತಿತ್ತು ಅಂತ ತಿಳಿಯಬೇಕಾದರೆ ದೊಡ್ಡ ಜನರಲ್‌ಗಳ ಕಥೆಗಿಂತ ಇವನ ಕಥೆಯೇ ನನಗೆ ಜಾಸ್ತಿ ಹೇಳಿತು. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಸಂಬಂಧಗಳನ್ನು ನೋಡೋಣ. ಇಂಗ್ಲಿಷಿನಲ್ಲಿ ಇದನ್ನೆಲ್ಲ ಓದಿದರೆ ತಲೆ ಕೆಡುತ್ತದೆ. ಅಲ್ಲಿ ಎಲ್ಲರೂ ಕಸಿನ್, ಎಲ್ಲರೂ ಅಂಕಲ್. ನಮ್ಮಲ್ಲಿ ಒಂದೊಂದು ಸಂಬಂಧಕ್ಕೂ ಹೆಸರಿದೆ, ಹಾಗಾಗಿ ಕನ್ನಡದಲ್ಲಿ ಬೇಗ ಅರ್ಥವಾಗುತ್ತದೆ. ವಿಕ್ಟೋರಿಯಾಗೆ ಒಂಬತ್ತು ಮಕ್ಕಳು. ನಾಲ್ಕು ಗಂಡು, ಐದು ಹೆಣ್ಣು. ಒಂಬತ್ತರಲ್ಲಿ ಐದನೆಯವಳು, ಹೆಣ್ಣುಮಕ್ಕಳಲ್ಲಿ ಮೂರನೆಯವಳು ಹೆಲೆನಾ. ಅವಳ ಹಿರಿಮಗನೇ ನಮ್ಮ ಕ್ರಿಶ್ಚಿಯನ್ ವಿಕ್ಟರ್, ಹುಟ್ಟಿದ್ದು 1867ರ ಏಪ್ರಿಲ್ 14ರಂದು, ವಿಂಡ್ಸರ್ ಅರಮನೆಯಲ್ಲಿ. ಮುಂದೆ ರಾಜನಾದ ಏಳನೆಯ ಎಡ್ವರ್ಡ್ ಇವನಿಗೆ ಸೋದರಮಾವ. ಐದನೆಯ ಜಾರ್ಜ್ ಮಾವನ ಮಗ. ಜರ್ಮನಿಯ ಕೈಸರ್ ವಿಲ್ಹೆಲ್ಮ್ ದೊಡ್ಡಮ್ಮನ ಮಗ, ಅಂದರೆ ವರಸೆಯಲ್ಲಿ ಅಣ್ಣ.

ಸುತ್ತಮುತ್ತ ಇಷ್ಟೊಂದು ರಾಜರು. ಇವನಿಗೆ ಮಾತ್ರ ಯಾವ ಸಿಂಹಾಸನದ ಆಸೆಯೂ ಇರಲಿಲ್ಲ. ಆಗಿನ ನಿಯಮದಂತೆ ಪಟ್ಟ ಮೊದಲು ಗಂಡುಮಕ್ಕಳಿಗೆ, ಅವರ ಮಕ್ಕಳಿಗೆ, ಮೊಮ್ಮಕ್ಕಳಿಗೆ. ಅವರೆಲ್ಲ ಮುಗಿದ ಮೇಲೆ ಹೆಣ್ಣುಮಕ್ಕಳ ಕಡೆಗೆ. ಮೂರನೆಯ ಮಗಳ ಮಗನ ತನಕ ಅದು ಬರುವ ಮಾತೇ ಇಲ್ಲ. ಗೌರವದ ಪದದಲ್ಲೂ ಒಂದು ಮೆಟ್ಟಿಲು ಕೆಳಗೆ. ರಾಣಿಯ ಗಂಡುಮಕ್ಕಳ ಮಕ್ಕಳಿಗೆ 'ರಾಯಲ್ ಹೈನೆಸ್' ಅಂತ ಇದ್ದರೆ ಇವನಿಗೆ ಬರೀ 'ಹೈನೆಸ್'. ಅದೂ ರಾಣಿ ಪ್ರತ್ಯೇಕ ಆಜ್ಞೆ ಹೊರಡಿಸಿ ಕೊಟ್ಟದ್ದು. ಪತ್ರಿಕೆಗಳು 'ಮೈನರ್ ರಾಯಲ್' ಅನ್ನುವುದು ಇಂಥವರನ್ನೇ. ಮನೆತನಕ್ಕೆ ಸೇರಿದವರು, ಪಟ್ಟಕ್ಕೆ ಸೇರದವರು.

ತಂದೆಯ ಕಡೆಯಿಂದಲಾದರೂ ಏನಾದರೂ ಸಿಕ್ಕೀತೇ? ಅಲ್ಲೂ ಇಲ್ಲ. ಅಪ್ಪನ ಹೆಸರೂ ಕ್ರಿಶ್ಚಿಯನ್, ಶ್ಲೆಸ್ವಿಗ್-ಹೋಲ್‌ಸ್ಟೈನ್ ಅನ್ನುವ ಸೀಮೆಯ ರಾಜಕುಮಾರ. ಡೆನ್ಮಾರ್ಕಿಗೂ ಜರ್ಮನಿಗೂ ನಡುವೆ ಇರುವ ಈ ಎರಡು ಪ್ರಾಂತ್ಯಗಳ ಮೇಲೆ ಅವನ ಕುಟುಂಬ ಹಕ್ಕು ಹೇಳುತ್ತಿತ್ತು. 1864ರಲ್ಲಿ ಪ್ರಷ್ಯಾ ಮತ್ತು ಆಸ್ಟ್ರಿಯಾ ಸೇರಿ ಡೆನ್ಮಾರ್ಕಿನಿಂದ ಆ ಪ್ರಾಂತ್ಯಗಳನ್ನು ಕಿತ್ತುಕೊಂಡವು. ಎರಡೇ ವರ್ಷಕ್ಕೆ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ ಆಸ್ಟ್ರಿಯಾವನ್ನೂ ಸೋಲಿಸಿ ಎರಡನ್ನೂ ಪ್ರಷ್ಯಾಕ್ಕೆ ಸೇರಿಸಿಕೊಂಡ. ಹೀಗೆ ಹೆಸರಲ್ಲಿ ಊರು ಉಳಿಯಿತು, ಊರಲ್ಲಿ ಹಕ್ಕು ಉಳಿಯಲಿಲ್ಲ. ಅದೇ 1866ರಲ್ಲಿ ಹೆಲೆನಾಗೂ ಅವನಿಗೂ ಮದುವೆಯಾಯಿತು. ಗಂಡ ಅವಳಿಗಿಂತ ಹದಿನೈದು ವರ್ಷ ದೊಡ್ಡವನು. ಮಗಳು ಕಣ್ಣೆದುರೇ ಇರಬೇಕು ಅಂತ ವಿಕ್ಟೋರಿಯಾ ಹಟ ಹಿಡಿದಿದ್ದರಿಂದ ಅಳಿಯನೇ ಇಂಗ್ಲೆಂಡಿಗೆ ಬಂದು ನೆಲೆಸಿದ. ಮನೆಅಳಿಯ ಅಂತ ನಾವು ಅನ್ನುತ್ತೇವಲ್ಲ, ಥೇಟ್ ಹಾಗೆ.

ಈ ಮನೆಯಲ್ಲಿ ಬೆಳೆದ ಇಬ್ಬರು ಗಂಡುಮಕ್ಕಳು ಎರಡು ದಾರಿ ಹಿಡಿದರು. ಹಿರಿಯವನು ಬ್ರಿಟಿಷ್ ಸೇನೆಗೆ ಹೋದ. ತಮ್ಮ ಆಲ್ಬರ್ಟ್ ಪ್ರಷ್ಯಾದ ಸೇನೆಗೆ ಹೋದ. ಆಗ ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ, ಎರಡೂ ಕಡೆ ನೆಂಟರೇ ಇದ್ದರು. 1914ರಲ್ಲಿ ಮಹಾಯುದ್ಧ ಶುರುವಾದಾಗ ಆಲ್ಬರ್ಟ್‌ನನ್ನು ಬ್ರಿಟಿಷರ ಎದುರು ಕಾದಾಡಲು ಕಳಿಸದೆ ಕೈಸರ್ ಬರ್ಲಿನ್ನಿನಲ್ಲೇ ಇಟ್ಟುಕೊಂಡ. ಅಣ್ಣ ಅಷ್ಟು ಹೊತ್ತಿಗೆ ತೀರಿಹೋಗಿ ಹದಿನಾಲ್ಕು ವರ್ಷವಾಗಿತ್ತು.

ಕ್ರಿಶ್ಚಿಯನ್ ವಿಕ್ಟರ್‌ನ ಬದುಕಿನಲ್ಲಿ ಹೊಸತು ಶುರುವಾದದ್ದು ಶಾಲೆಯಿಂದ. ಅಲ್ಲಿಯ ತನಕ ರಾಜಮನೆತನದ ಮಕ್ಕಳಿಗೆ ಅರಮನೆಯಲ್ಲೇ ಪಾಠ, ಮೇಷ್ಟ್ರು ಮನೆಗೇ ಬರುತ್ತಿದ್ದರು. ಇವನನ್ನು ವೆಲಿಂಗ್ಟನ್ ಕಾಲೇಜಿಗೆ ಕಳಿಸಿದರು. ಹೆಸರಿಗೆ ಕಾಲೇಜಾದರೂ ಅದು ಹುಡುಗರ ವಸತಿ ಶಾಲೆ. ಸೇನಾಧಿಕಾರಿಗಳ ತಂದೆಯಿಲ್ಲದ ಮಕ್ಕಳಿಗಾಗಿ 1859ರಲ್ಲಿ ಶುರುವಾದದ್ದು. ಅದನ್ನು ಕಟ್ಟಿ ನಿಲ್ಲಿಸಲು ತುಂಬಾ ಓಡಾಡಿದವನು ಇವನ ತಾತ, ರಾಣಿಯ ಗಂಡ ಆಲ್ಬರ್ಟ್. ಟ್ಯೂಟರ್ ಬಿಟ್ಟು ಶಾಲೆಗೆ ಹೋಗಿ ಓದಿದ ಬ್ರಿಟಿಷ್ ರಾಜಮನೆತನದ ಮೊದಲ ಹುಡುಗ ಇವನೇ. ಇವತ್ತಿಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ಆದರೆ ಬೇರೆ ಹುಡುಗರ ಜೊತೆ ಒಂದೇ ಸಾಲಿನಲ್ಲಿ ಮಲಗಿ, ಒಂದೇ ಊಟ ಉಂಡು, ಆಟದಲ್ಲಿ ಸೋತು ಗೆದ್ದು ಬೆಳೆಯುವುದು ಬೇರೆಯೇ. ಆ ಅಭ್ಯಾಸ ಅವನ ಜೊತೆ ಕೊನೆಯ ತನಕ ಬಂತು ಅಂತ ನನಗನ್ನಿಸುತ್ತದೆ.

ಅಲ್ಲೇ ಕ್ರಿಕೆಟ್ ಹಿಡಿಯಿತು. ವಿಕೆಟ್ ಕೀಪರ್, ಒಳ್ಳೆಯ ಬ್ಯಾಟ್ಸ್‌ಮನ್. ಶಾಲೆಯ ತಂಡಕ್ಕೆ ನಾಯಕನಾದ. ಆಮೇಲೆ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜು, ಅಲ್ಲಿಂದ ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆ. 1887ರ ಆಗಸ್ಟಿನಲ್ಲಿ ಸ್ಕಾರ್ಬರೋದಲ್ಲಿ 'ಐ ಜಿಂಗಾರಿ' ತಂಡದ ಪರ 'ಜಂಟಲ್‌ಮೆನ್ ಆಫ್ ಇಂಗ್ಲೆಂಡ್' ವಿರುದ್ಧ ಆಡಿದ. ಆ ಪಂದ್ಯ ಪ್ರಥಮ ದರ್ಜೆಯದು. ಬ್ರಿಟಿಷ್ ರಾಜಮನೆತನದಲ್ಲಿ ಪ್ರಥಮ ದರ್ಜೆ ಕ್ರಿಕೆಟ್ ಆಡಿದ ಒಬ್ಬನೇ ಒಬ್ಬ ಇವನು. ಆಡಿದ್ದೂ ಅದೊಂದೇ ಪಂದ್ಯ. ಕ್ರಿಕೆಟ್ ದಾಖಲೆಗಳನ್ನು ಸುಮ್ನೆ ತಿರುವಿ ಹಾಕುತ್ತಿದ್ದಾಗ ಅಷ್ಟು ಉದ್ದದ ಜರ್ಮನ್ ಹೆಸರು ಕಣ್ಣಿಗೆ ಬಿದ್ದದ್ದೇ ನಾನು ಇವನ ಬೆನ್ನು ಹತ್ತಲು ಕಾರಣ.

1888ರಲ್ಲಿ ಕಿಂಗ್ಸ್ ರಾಯಲ್ ರೈಫಲ್ ಕೋರ್ ಸೇರಿದ. ಹಳೇ ಲೆಕ್ಕದಲ್ಲಿ ಅದು 60ನೇ ರೆಜಿಮೆಂಟ್. ಉಳಿದ ಕಾಲಾಳುಗಳ ಕೆಂಪು ಕೋಟಿಗೆ ಬದಲಾಗಿ ಕಡುಹಸಿರು ಬಟ್ಟೆ, ಕಪ್ಪು ಗುಂಡಿ ಇವರ ಗುರುತು. ಇದೇ ದಳ 1857ರಲ್ಲಿ ದೆಹಲಿಯ ಮುತ್ತಿಗೆಯಲ್ಲೂ ಇತ್ತು.

ರಾಜಮನೆತನದವರಿಗೂ ಸೇನೆಗೂ ನಂಟು ಹಳೆಯದು. ಅದರಲ್ಲಿ ಎರಡು ಬಗೆ ಇತ್ತು. ಒಂದು, ಹುಟ್ಟಿನಿಂದ ಬರುವ ಪದವಿ. ಸೋದರಮಾವ ಎಡ್ವರ್ಡ್ ಯುವರಾಜನಾಗಿದ್ದಾಗಲೇ, 1875ರಲ್ಲಿ, ಫೀಲ್ಡ್ ಮಾರ್ಷಲ್ ಆದ. ಒಂದು ಯುದ್ಧವನ್ನೂ ನಡೆಸಿದವನಲ್ಲ. ಇನ್ನೊಂದು, ರೆಜಿಮೆಂಟಿಗೆ ಸೇರಿ ಎಲ್ಲರಂತೆ ಕೆಳಗಿನಿಂದ ಮೇಲೆ ಬರುವುದು. 1871ರ ತನಕ ಬ್ರಿಟಿಷ್ ಕಾಲಾಳು, ಕುದುರೆ ದಳಗಳಲ್ಲಿ ಅಧಿಕಾರಿ ಹುದ್ದೆಯನ್ನು ದುಡ್ಡು ಕೊಟ್ಟೇ ಕೊಳ್ಳುತ್ತಿದ್ದರು. ಆ ಪದ್ಧತಿ ರದ್ದಾದ ಮೇಲೆ ಸೇರಿದವನು ಇವನು. ಹನ್ನೆರಡು ವರ್ಷ ದುಡಿದು, ಐದಾರು ದಂಡಯಾತ್ರೆ ನೋಡಿ, ಸಾಯುವಾಗ ಅವನು ಮೇಜರ್. ರಾಣಿಯ ಮೊಮ್ಮಗನಿಗೆ ಅದು ದೊಡ್ಡ ಹುದ್ದೆ ಅಲ್ಲವೇ ಅಲ್ಲ. ನನಗೆ ಅವನ ಮೇಲೆ ಗೌರವ ಬರುವುದು ಇದೇ ಕಾರಣಕ್ಕೆ.

ಅವನು ಹೋದ ಯುದ್ಧಗಳ ಬಗ್ಗೆ ಮಾತ್ರ ಗೌರವದಿಂದ ಬರೆಯಲು ನನ್ನಿಂದ ಆಗುವುದಿಲ್ಲ. 1891ರಲ್ಲಿ ವಾಯವ್ಯ ಗಡಿಯ ಹಜಾರಾ, ಮಿರಾನ್‌ಜೈ ದಂಡಯಾತ್ರೆಗಳು. 1892ರಲ್ಲಿ ಇಸಾಜೈ. ಇವೆಲ್ಲ ಈಗಿನ ಪಾಕಿಸ್ತಾನ-ಅಫ್ಘಾನಿಸ್ತಾನ ಗಡಿಯ ಗುಡ್ಡಗಾಡಿನ ಪಠಾಣರನ್ನು ಹದ್ದುಬಸ್ತಿನಲ್ಲಿಡಲು ಬ್ರಿಟಿಷರು ಮತ್ತೆ ಮತ್ತೆ ಕಳಿಸುತ್ತಿದ್ದ ಸೇನೆಗಳು. ಆಮೇಲೆ 1895ರ ಕೊನೆಗೆ ಆಫ್ರಿಕಾದ ಅಶಾಂತಿ, ಅಂದರೆ ಇಂದಿನ ಘಾನಾ.

ಅಶಾಂತಿ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅಲ್ಲಿನ ರಾಜ ಪ್ರೆಂಪೆ ಬ್ರಿಟಿಷರ ರಕ್ಷಣೆ ಬೇಡ ಅಂದಿದ್ದ. ಅವನನ್ನು ಬಗ್ಗಿಸಲು ಸರ್ ಫ್ರಾನ್ಸಿಸ್ ಸ್ಕಾಟ್ ಮುಂದಾಳತ್ವದಲ್ಲಿ ಸೇನೆ ಹೊರಟಿತು. ಅದರಲ್ಲಿ ಕ್ರಿಶ್ಚಿಯನ್ ವಿಕ್ಟರ್ ಇದ್ದ. ಅವನ ಚಿಕ್ಕಮ್ಮ ಬೀಟ್ರಿಸ್‌ಳ ಗಂಡ, ಬಾಟೆನ್‌ಬರ್ಗ್‌ನ ಹೆನ್ರಿಯೂ ಇದ್ದ. ಈ ಹೆನ್ರಿಯೂ ಮನೆಅಳಿಯನೇ. ಅತ್ತೆಯ ಅರಮನೆಯಲ್ಲಿ ಹತ್ತು ವರ್ಷ ಕೂತು ಬೇಸತ್ತು, ರಾಣಿಗೆ ಇಷ್ಟವಿಲ್ಲದಿದ್ದರೂ ತಾನೇ ಕೇಳಿಕೊಂಡು ಹೊರಟವನು. ಸೇನೆ 1896ರ ಜನವರಿಯಲ್ಲಿ ಕುಮಾಸಿ ಪಟ್ಟಣ ತಲುಪಿತು. ಪ್ರೆಂಪೆ ಕಾದಾಡಲಿಲ್ಲ. ಜನವರಿ 20ರಂದು ತನ್ನ ಜನರೆದುರೇ ಬ್ರಿಟಿಷ್ ಗವರ್ನರನ ಕಾಲು ಹಿಡಿಯಬೇಕಾಯಿತು. ಕೊನೆಗೆ ಅವನನ್ನು ಸೇಶೆಲ್ಸ್ ದ್ವೀಪಕ್ಕೆ ಗಡೀಪಾರು ಮಾಡಿದರು. ಅದೇ ಜನವರಿ 20ರಂದು, ಮಲೇರಿಯಾ ಹಿಡಿದು ಹಡಗಿನಲ್ಲಿ ವಾಪಸ್ ಹೊರಟಿದ್ದ ಹೆನ್ರಿ ಆಫ್ರಿಕಾದ ಕರಾವಳಿಯಲ್ಲೇ ತೀರಿಕೊಂಡ. ಒಂದು ಗುಂಡೂ ಹಾರದ ಯುದ್ಧದಲ್ಲಿ ಸೊಳ್ಳೆ ಕಚ್ಚಿ ಸತ್ತವನು ರಾಣಿಯ ಅಳಿಯ.

1898ರಲ್ಲಿ ಸುಡಾನ್. ಸೆಪ್ಟೆಂಬರ್ 2ರಂದು ಓಮ್ಡುರ್ಮನ್ ಬಯಲಿನಲ್ಲಿ ಬ್ರಿಟಿಷ್ ಜನರಲ್ ಕಿಚನರನ ಸೇನೆ ಫಿರಂಗಿ, ರೈಫಲ್, ಮ್ಯಾಕ್ಸಿಮ್ ಅನ್ನುವ ಮೆಷಿನ್ ಗನ್ನುಗಳಿಂದ ಬೆಳಗಿನ ಕೆಲವೇ ಗಂಟೆಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸುಡಾನೀಯರನ್ನು ಕೊಂದಿತು. ಬ್ರಿಟಿಷ್-ಈಜಿಪ್ಟ್ ಕಡೆ ಸತ್ತವರು ಐವತ್ತರ ಒಳಗೆ. ಕ್ರಿಶ್ಚಿಯನ್ ವಿಕ್ಟರ್ ಆ ದಂಡಯಾತ್ರೆಯಲ್ಲೂ ಇದ್ದ.

ಮರುವರ್ಷ ದಕ್ಷಿಣ ಆಫ್ರಿಕಾ. 1899ರ ಅಕ್ಟೋಬರಿನಲ್ಲಿ ಬೋಯರ್ ಯುದ್ಧ ಶುರುವಾಯಿತು. ಬೋಯರ್‌ಗಳು ಅಂದರೆ ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಡಚ್ ಮೂಲದ ರೈತರು. ಅವರಿಗೆ ಟ್ರಾನ್ಸ್‌ವಾಲ್, ಆರೆಂಜ್ ಫ್ರೀ ಸ್ಟೇಟ್ ಅಂತ ಎರಡು ಗಣರಾಜ್ಯಗಳಿದ್ದವು. ಟ್ರಾನ್ಸ್‌ವಾಲ್‌ನಲ್ಲಿ ಚಿನ್ನ ಸಿಕ್ಕ ಮೇಲೆ ಬ್ರಿಟನ್ನಿಗೆ ಅದರ ಮೇಲೆ ಕಣ್ಣು ಬಿದ್ದಿತ್ತು. ಯುದ್ಧದ ಮೊದಲ ತಿಂಗಳುಗಳಲ್ಲಿ ಬೋಯರ್‌ಗಳದ್ದೇ ಮೇಲುಗೈ. ಬ್ರಿಟಿಷರ ವಸಾಹತಾಗಿದ್ದ ನಟಾಲ್‌ನ ಲೇಡಿಸ್ಮಿತ್ ಊರನ್ನು ಅವರು 118 ದಿನ ಮುತ್ತಿದರು. ಅದನ್ನು ಬಿಡಿಸಲು ಹೋದ ಜನರಲ್ ಬುಲ್ಲರನ ಸೇನೆಯಲ್ಲಿ ಕ್ರಿಶ್ಚಿಯನ್ ವಿಕ್ಟರ್ ಇದ್ದ. ಆ ಸೇನೆ ಡಿಸೆಂಬರಿನಲ್ಲಿ ಕೊಲೆನ್ಸೊದಲ್ಲಿ ಸೋತಿತು, ಜನವರಿಯಲ್ಲಿ ಸ್ಪಿಯನ್ ಕೋಪ್ ಗುಡ್ಡದ ಮೇಲೆ ಸೋತಿತು, 1900ರ ಫೆಬ್ರವರಿ 28ಕ್ಕೆ ಕೊನೆಗೂ ಲೇಡಿಸ್ಮಿತ್ ತಲುಪಿತು.

ಇದೇ ಸೇನೆಯ ಹಿಂದೆ ಡೋಲಿ ಹೊತ್ತು ನಡೆದ ಇನ್ನೊಬ್ಬರ ಹೆಸರು ನಮಗೆಲ್ಲ ಗೊತ್ತು. ಆಗ ನಟಾಲ್‌ನಲ್ಲಿ ವಕೀಲರಾಗಿದ್ದ ಗಾಂಧೀಜಿ ಸುಮಾರು 1,100 ಭಾರತೀಯರನ್ನು ಸೇರಿಸಿ ಗಾಯಾಳುಗಳನ್ನು ಹೊರುವ ದಳ ಕಟ್ಟಿದ್ದರು. ಅವರಲ್ಲಿ ಹೆಚ್ಚಿನವರು ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋಗಿದ್ದ ಕೂಲಿಗಳು. ಸ್ಪಿಯನ್ ಕೋಪ್‌ನಿಂದ ಗಾಯಾಳುಗಳನ್ನು ಹೆಗಲ ಮೇಲೆ ಹೊತ್ತು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಮೈಲಿ ನಡೆದವರು. ರಾಜಕುಮಾರನಿಗೆ ಆಗ 32, ಗಾಂಧೀಜಿಗೆ 30. ಇಬ್ಬರೂ ಒಂದೇ ಸಾಮ್ರಾಜ್ಯಕ್ಕಾಗಿ ಆ ಬಯಲಿನಲ್ಲಿದ್ದರು.

ಅಲ್ಲಿಂದ ಕ್ರಿಶ್ಚಿಯನ್ ವಿಕ್ಟರ್ ಟ್ರಾನ್ಸ್‌ವಾಲ್‌ನ ರಾಜಧಾನಿ ಪ್ರಿಟೋರಿಯಾಕ್ಕೆ ಹೋದ, ದಂಡನಾಯಕ ಲಾರ್ಡ್ ರಾಬರ್ಟ್ಸ್ ಕೈಕೆಳಗೆ. ಅಕ್ಟೋಬರಿನಲ್ಲಿ ಜ್ವರ ಬಂತು. ಮೊದಲು ಮಲೇರಿಯಾ, ಅದರ ಬೆನ್ನಿಗೇ ಟೈಫಾಯಿಡ್. 1900ರ ಅಕ್ಟೋಬರ್ 29ರಂದು ತೀರಿಕೊಂಡ. ವಯಸ್ಸು 33.

ಟೈಫಾಯಿಡ್ ಬಗ್ಗೆ ಇಲ್ಲಿ ನಿಂತು ಹೇಳಲೇಬೇಕು, ಯಾಕೆಂದರೆ ಆ ಯುದ್ಧದ ನಿಜವಾದ ಶತ್ರು ಅದೇ. ಚಿಕ್ಕವನಿದ್ದಾಗ ನನಗೂ ಬಂದಿತ್ತು. ಸಂಜೆಯಾದರೆ ಏರುವ ಜ್ವರ, ಬಾಯಿಗೆ ಏನಿಟ್ಟರೂ ಕಹಿ, ಗೋಡೆಯ ಕಡೆ ತಿರುಗಿ ಮಲಗಿದರೆ ಮಧ್ಯಾಹ್ನವೋ ರಾತ್ರಿಯೋ ತಿಳಿಯುತ್ತಿರಲಿಲ್ಲ. ಅಮ್ಮ ನೀರು ಕುದಿಸಿ ಆರಿಸಿ ತಾಮ್ರದ ತಂಬಿಗೆಯಲ್ಲಿಟ್ಟು, ಗಂಜಿಯನ್ನು ಚಮಚದಲ್ಲಿ ಬಾಯಿಗೆ ಬಿಡುತ್ತಿದ್ದರು. ಮಾತ್ರೆ ಶುರುವಾದ ಒಂದು ವಾರಕ್ಕೆ ಜ್ವರ ಬಿಟ್ಟಿತು. 1900ರಲ್ಲಿ ಆ ಮಾತ್ರೆ ಇರಲಿಲ್ಲ. ಟೈಫಾಯಿಡ್‌ಗೆ ಮೊದಲ ಬಾರಿಗೆ ಸರಿಯಾಗಿ ನಾಟಿದ ಔಷಧ ಬಂದದ್ದು 1948ರಲ್ಲಿ. ಅಲ್ಲಿಯ ತನಕ ಮೂರು ನಾಲ್ಕು ವಾರ ಜ್ವರದಲ್ಲಿ ಬೆಂದು, ಕರುಳು ತೂತಾಗದೆ ಉಳಿದರೆ ಬದುಕು. ಆರೈಕೆ ಒಂದೇ ಮದ್ದು.

ಇದು ಕೊಳೆತ ನೀರಿನಿಂದ ಹರಡುವ ಕಾಯಿಲೆ. ಸಾವಿರಾರು ಜನ, ಕುದುರೆ, ಎತ್ತು ಒಟ್ಟಿಗೆ ಬಿಡಾರ ಹೂಡಿದ ಕಡೆ ಕಕ್ಕಸಿನ ನೀರು ಕುಡಿಯುವ ನೀರಿಗೆ ಸೇರುವುದು ಎಷ್ಟು ಹೊತ್ತು? 1900ರ ಫೆಬ್ರವರಿಯಲ್ಲಿ ಪಾರ್ಡೆಬರ್ಗ್ ಕಾಳಗದ ಹೊತ್ತಿಗೆ ಮಾಡರ್ ನದಿಯಲ್ಲಿ ಸತ್ತ ಕುದುರೆಗಳು ತೇಲುತ್ತಿದ್ದವು. ಬಾಯಾರಿದ ಸೈನಿಕರು ಅದೇ ನೀರು ಕುಡಿದರು. ಮುಂದೆ ಬ್ಲೂಮ್‌ಫಾಂಟೇನ್ ಊರು ಹಿಡಿದ ಮೇಲೆ, ಆ ಊರಿಗೆ ನೀರು ಕೊಡುತ್ತಿದ್ದ ಸ್ಥಾವರ ಬೋಯರ್‌ಗಳ ಕೈಗೆ ಹೋಯಿತು. ಸೈನಿಕರು ಊರೊಳಗಿನ ಹಾಳು ಬಾವಿಗಳ ನೀರಿಗಿಳಿದರು. ಆಸ್ಪತ್ರೆಗಳು ತುಂಬಿ ತುಳುಕಿದವು. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟಿಷ್ ಸೇನೆಯಲ್ಲಿ ಸುಮಾರು 57,000 ಜನಕ್ಕೆ ಟೈಫಾಯಿಡ್ ಬಂದು ಸುಮಾರು 8,000 ಜನ ಸತ್ತಿದ್ದರು. ಗುಂಡಿಗೆ, ಫಿರಂಗಿಗೆ ಸತ್ತವರನ್ನೆಲ್ಲ ಒಟ್ಟು ಸೇರಿಸಿದರೂ ಹೆಚ್ಚುಕಡಿಮೆ ಅಷ್ಟೇ. ಬೇರೆ ಕಾಯಿಲೆಗಳೂ ಸೇರಿ ಸತ್ತವರ ಒಟ್ಟು ಲೆಕ್ಕ ಸುಮಾರು 22,000.

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಲಸಿಕೆ ಇತ್ತು. ಆಲ್ಮ್‌ರಾತ್ ರೈಟ್ ಅನ್ನುವ ಸೇನಾ ವೈದ್ಯಶಾಲೆಯ ವಿಜ್ಞಾನಿ ಅದನ್ನು ಕೆಲವೇ ವರ್ಷ ಮೊದಲು ತಯಾರಿಸಿದ್ದ, 1898ರಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ಕೊಟ್ಟೂ ನೋಡಿದ್ದ. ಆದರೆ ಅದು ಕಡ್ಡಾಯ ಆಗಿರಲಿಲ್ಲ. ಚುಚ್ಚಿಸಿಕೊಂಡರೆ ತೋಳು ಊದಿ ಒಂದೆರಡು ದಿನ ಜ್ವರ ಬರುತ್ತಿತ್ತು, ಹಾಗಾಗಿ ಹೆಚ್ಚಿನವರು ಬೇಡ ಅಂದರು. ದಕ್ಷಿಣ ಆಫ್ರಿಕಾಕ್ಕೆ ಹೋದ ಮೂರು ಲಕ್ಷಕ್ಕೂ ಮಿಕ್ಕಿದ ಸೈನಿಕರಲ್ಲಿ ಲಸಿಕೆ ಹಾಕಿಸಿಕೊಂಡವರು ಹದಿನಾಲ್ಕು ಸಾವಿರದ ಆಸುಪಾಸು. 1914ರ ಯುದ್ಧದ ಹೊತ್ತಿಗೆ ಬುದ್ಧಿ ಬಂದಿತ್ತು. ಬ್ರಿಟಿಷ್ ಸೈನಿಕರಲ್ಲಿ ಬಹುಪಾಲು ಎಲ್ಲರಿಗೂ ಲಸಿಕೆ ಬಿತ್ತು, ಟೈಫಾಯಿಡ್ ಸಾವು ತೀರಾ ಕಮ್ಮಿಯಾಯಿತು.

ಕಾಯಿಲೆ ಸೇನೆಯನ್ನಷ್ಟೇ ಹಿಡಿಯಲಿಲ್ಲ. ಬೋಯರ್ ರೈತರ ಮನೆ ಹೊಲ ಸುಟ್ಟು, ಅವರ ಹೆಂಗಸರು ಮಕ್ಕಳನ್ನು ಬ್ರಿಟಿಷರು ಶಿಬಿರಗಳಲ್ಲಿ ತುಂಬಿದರು. ಅಲ್ಲಿ ದಡಾರ, ಭೇದಿ, ಟೈಫಾಯಿಡ್‌ಗೆ ಸತ್ತವರು 26,000ಕ್ಕೂ ಜಾಸ್ತಿ, ಹೆಚ್ಚಿನವರು ಮಕ್ಕಳು. ಬೇರೆ ಶಿಬಿರಗಳಲ್ಲಿ ಕೂಡಿಟ್ಟ ಕಪ್ಪು ಆಫ್ರಿಕನ್ನರೂ ಸಾವಿರಾರು ಜನ ಸತ್ತರು, ಅವರ ಲೆಕ್ಕವನ್ನು ಯಾರೂ ಸರಿಯಾಗಿ ಇಡಲೇ ಇಲ್ಲ. ಸೆರೆಸಿಕ್ಕ ಬೋಯರ್ ಗಂಡಸರನ್ನು ಹಡಗು ತುಂಬಿಸಿ ದೂರದ ದೇಶಗಳಿಗೆ ಸಾಗಿಸಿದರು. ನಮ್ಮ ಬಳ್ಳಾರಿಯಲ್ಲೂ ಅಂಥ ಕೈದಿಗಳ ಒಂದು ಶಿಬಿರವಿತ್ತು.

ಟೈಫಾಯಿಡ್ ಈ ಮನೆತನಕ್ಕೆ ಹೊಸದೇನೂ ಅಲ್ಲ. ತಾತ ಆಲ್ಬರ್ಟ್ 1861ರಲ್ಲಿ ಸತ್ತದ್ದು ಟೈಫಾಯಿಡ್‌ನಿಂದ ಅಂತಲೇ ವೈದ್ಯರು ಆಗ ಬರೆದರು. ಸೋದರಮಾವ ಎಡ್ವರ್ಡ್ ಹತ್ತು ವರ್ಷದ ಮೇಲೆ ಅದೇ ಡಿಸೆಂಬರಿನಲ್ಲಿ ಅದೇ ಕಾಯಿಲೆಯಿಂದ ಸಾವಿನ ಬಾಗಿಲು ಮುಟ್ಟಿ ಬಂದ. ಈಗ ಮೊಮ್ಮಗ. 81 ವರ್ಷದ ವಿಕ್ಟೋರಿಯಾ ಆ ಜುಲೈನಲ್ಲಷ್ಟೇ ಮಗ ಆಲ್‌ಫ್ರೆಡ್‌ನನ್ನು ಕಳೆದುಕೊಂಡಿದ್ದಳು. ಈ ಸುದ್ದಿ ಬಂದ ಮೇಲೆ ಅವಳು ಬದುಕಿದ್ದು ಮೂರು ತಿಂಗಳೂ ಇಲ್ಲ.

ನನಗೆ ಜಾಸ್ತಿ ನೆನಪಾಗುವುದು ಅವನ ತಾಯಿ. ಹೆಲೆನಾ ಸುಮ್ಮನೆ ಅರಮನೆಯಲ್ಲಿ ಕೂತವಳಲ್ಲ. ನರ್ಸುಗಳಿಗೆ ಸರಿಯಾದ ತರಬೇತಿ, ನೋಂದಣಿ ಬೇಕು ಅಂತ ಹೋರಾಡಿದ ಬ್ರಿಟಿಷ್ ನರ್ಸುಗಳ ಸಂಘಕ್ಕೆ ಅವಳೇ ಅಧ್ಯಕ್ಷೆ. ಯುದ್ಧ ಬಂದರೆ ಸೇನೆಗೆ ನರ್ಸುಗಳು ಸಾಲದು ಅಂತ 1897ರಲ್ಲೇ ಮೀಸಲು ದಳ ಕಟ್ಟಿಸಿದ್ದಳು. ಅದರಿಂದ ನೂರಾರು ನರ್ಸುಗಳು ದಕ್ಷಿಣ ಆಫ್ರಿಕಾಕ್ಕೆ ಹೋದರು. ಮಗ ಕಾದಾಡುತ್ತಿದ್ದ ನಟಾಲ್‌ನಲ್ಲೇ ಅವಳ ಹೆಸರಿನ ಆಸ್ಪತ್ರೆ ರೈಲೊಂದು ಗಾಯಾಳುಗಳನ್ನು ಸಾಗಿಸುತ್ತಿತ್ತು. ಸಾವಿರಾರು ಬೇರೆ ತಾಯಂದಿರ ಮಕ್ಕಳಿಗೆ ಆರೈಕೆ ಕಳಿಸಿದವಳು ಅವಳು.

ದೇಹವನ್ನು ಊರಿಗೆ ತರಲಿಲ್ಲ. ತನ್ನ ಜೊತೆಯ ಸೈನಿಕರ ನಡುವೆಯೇ ಮಣ್ಣು ಮಾಡಬೇಕು ಅನ್ನುವುದು ಅವನದೇ ಆಸೆಯಾಗಿತ್ತು. ನವೆಂಬರ್ 1ರಂದು ಪ್ರಿಟೋರಿಯಾದ ಸ್ಮಶಾನದಲ್ಲಿ ಹೂಳಿದರು. ರಾಬರ್ಟ್ಸ್ ಇದ್ದ, ಕಿಚನರ್ ಇದ್ದ. ರಾಬರ್ಟ್ಸ್ ಕೂಡ ಒಬ್ಬನೇ ಮಗನನ್ನು ಅದೇ ಯುದ್ಧದ ಕೊಲೆನ್ಸೊ ಕಾಳಗದಲ್ಲಿ ಕಳೆದುಕೊಂಡಿದ್ದವನು.

ಹದಿನಾಲ್ಕು ವರ್ಷದ ಮೇಲೆ ಅದೇ ಮನೆಯಲ್ಲಿ, ಅದೇ ಅಕ್ಟೋಬರಿನಲ್ಲಿ, ಅದೇ ರೆಜಿಮೆಂಟಿನಲ್ಲಿ ಇನ್ನೊಂದು ಸಾವಾಯಿತು. ಅಶಾಂತಿಗೆ ಹೋಗಿ ಮಲೇರಿಯಾದಿಂದ ಸತ್ತ ಚಿಕ್ಕಪ್ಪ ಹೆನ್ರಿಯ ಕೊನೆಯ ಮಗ ಮಾರಿಸ್, ವಿಕ್ಟೋರಿಯಾಳ ಮೊಮ್ಮಕ್ಕಳಲ್ಲೇ ಚಿಕ್ಕವನು, ಕಿಂಗ್ಸ್ ರಾಯಲ್ ರೈಫಲ್ಸ್‌ನ ಲೆಫ್ಟಿನೆಂಟ್. 1914ರ ಅಕ್ಟೋಬರ್ 27ರಂದು ಬೆಲ್ಜಿಯಮ್ಮಿನ ಈಪ್ರ್ ಊರಿನ ಹತ್ತಿರ ಸತ್ತ. ವಯಸ್ಸು 23. ಅವನೂ ಅಲ್ಲೇ, ಈಪ್ರ್ ಊರಿನ ಸ್ಮಶಾನದಲ್ಲೇ ಇದ್ದಾನೆ. ಮೂರು ವರ್ಷದ ಮೇಲೆ ಆ ಕುಟುಂಬ ಬಾಟೆನ್‌ಬರ್ಗ್ ಅನ್ನುವ ಜರ್ಮನ್ ಹೆಸರು ಬಿಟ್ಟು ಮೌಂಟ್‌ಬ್ಯಾಟನ್ ಆಯಿತು. ನಮ್ಮ ದೇಶದ ಕೊನೆಯ ವೈಸ್‌ರಾಯ್ ಮಾರಿಸ್‌ನ ದೊಡ್ಡಪ್ಪನ ಮಗ.

ಪ್ಲಿಮತ್ ಊರಿನ ಸಮುದ್ರದಂಡೆಯಲ್ಲಿ ಬೋಯರ್ ಯುದ್ಧದ ಒಂದು ಸ್ಮಾರಕವಿದೆ. ಅದರಲ್ಲಿ ಕ್ರಿಶ್ಚಿಯನ್ ವಿಕ್ಟರ್‌ನ ಹೆಸರಿನ ಜೊತೆಗೆ ಡೆವನ್‌ಶೈರ್ ರೆಜಿಮೆಂಟಿನವರ ನೆನಪೂ ಇದೆ. ರಾವಲ್ಪಿಂಡಿಯಲ್ಲಿ ಅವನು 205 ಹೊಡೆದದ್ದು ಅವರ ವಿರುದ್ಧವೇ.

1904ರಲ್ಲಿ ಹೆಲೆನಾ ಹಡಗು ಹತ್ತಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಮಗನ ಸಮಾಧಿ ನೋಡಿ ಬಂದಳು. ಗ್ರಾನೈಟ್ ಶಿಲುಬೆ, ಸುತ್ತ ಎರಕದ ಕಬ್ಬಿಣದ ಬೇಲಿ. ಅದೇ ವರ್ಷ ಸ್ವಿಟ್ಜರ್ಲೆಂಡಿನಲ್ಲಿ ದೇಶಭ್ರಷ್ಟನಾಗಿ ಸತ್ತ ಬೋಯರ್‌ಗಳ ಅಧ್ಯಕ್ಷ ಪಾಲ್ ಕ್ರೂಗರ್‌ನ ದೇಹವನ್ನು ಊರಿಗೆ ತಂದು ಡಿಸೆಂಬರಿನಲ್ಲಿ ಮಣ್ಣು ಮಾಡಿದರು. ಅದೂ ಪ್ರಿಟೋರಿಯಾದ ಅದೇ ಸ್ಮಶಾನದಲ್ಲಿ.